ಸಂಶೋಧನೆ ಬಿಟ್ಟು ಮದುವೆ ಮಂಟಪದಲ್ಲಿ ಚಿತ್ರ ಬರೆಯುವ ವೃತ್ತಿಗೆ ಬರಬಹುದೇ?

ಕೋಶಭಿತ್ತಿ
ಎಲ್ಲರಿಗೂ ನಮಸ್ಕಾರ. ಸಸ್ಯವಿಜ್ಞಾನದಲ್ಲಿ ಪಿಎಚ್.ಡಿ. ಮುಗಿಸಿ, ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ರಿಸರ್ಚ್ ಅಸೋಸಿಯೇಟ್ ಆಗಿದ್ದೇನೆ. ಯೋಜನೆಗೆ ಹಣ ಬಂದರೆ ಹುದ್ದೆ ಮುಂದುವರಿಯುತ್ತದೆ, ಬಾರದಿದ್ದರೆ ಇಲ್ಲ. 2023ರ ಜನವರಿಯ ಪರಿಷ್ಕರಣೆಯ ನಂತರ ಈ ಹುದ್ದೆಯ ಮೊದಲ ಹಂತಕ್ಕೆ ತಿಂಗಳಿಗೆ 58,000 ರೂಪಾಯಿ ಮತ್ತು ಮನೆ ಬಾಡಿಗೆ ಭತ್ಯೆ ಸಿಗುತ್ತದೆ. ಸಂಬಳದ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಕಾಂಡದ ತೆಳುವಾದ ಸೀಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಕಂಡದ್ದನ್ನು ಪೆನ್ಸಿಲ್‌ನಲ್ಲಿ ಬರೆದಿಡುವ ಆಸೆಯಿಂದಲೇ ನಾನು ಈ ಕ್ಷೇತ್ರಕ್ಕೆ ಬಂದವಳು. ಈಗ ನನ್ನ ದಿನದ ಬಹುಪಾಲು ದತ್ತಾಂಶ ಶುದ್ಧೀಕರಣದಲ್ಲಿ ಮತ್ತು ಅನುದಾನದ ಅರ್ಜಿಗಳಲ್ಲಿ ಕಳೆಯುತ್ತಿದೆ.

ಶಿವಮೊಗ್ಗದಲ್ಲಿ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಮಂಟಪದ ಪಕ್ಕ ಈಸೆಲ್ ಇಟ್ಟುಕೊಂಡು ಧಾರೆಯ ಹೊತ್ತನ್ನು ಅಕ್ರಿಲಿಕ್‌ನಲ್ಲಿ ಬರೆದುಕೊಟ್ಟೆ. ಅದನ್ನು ನೋಡಿದವರು ತಮ್ಮ ಮನೆಯ ಮದುವೆಗಳಿಗೂ ಕರೆಯುತ್ತಿದ್ದಾರೆ. ಇದನ್ನೇ ಪೂರ್ಣಾವಧಿ ವೃತ್ತಿಯಾಗಿ ಮಾಡಿಕೊಳ್ಳಬಹುದೇ? ಆಷಾಢ, ಧನುರ್ಮಾಸಗಳಲ್ಲಿ ಮದುವೆಗಳೇ ಇರುವುದಿಲ್ಲವಲ್ಲ, ಆಗ ಜೀವನ ಹೇಗೆ? ಬೇಡವೆನಿಸಿದರೆ ವಿಜ್ಞಾನಕ್ಕೆ ಮರಳಲು ದಾರಿ ಇದೆಯೇ? ಇದನ್ನೆಲ್ಲ ನಮ್ಮ ತಂದೆಯವರಿಗೆ ಹೇಗೆ ಹೇಳಲಿ? ಅನುಭವವಿರುವವರು ದಯವಿಟ್ಟು ಬರೆಯಿರಿ.

ಮಂಟಪದ ಮೂಲೆ
ಕೋಶಭಿತ್ತಿ ಅವರೇ, ನಾನು ಇದೇ ಕೆಲಸದಲ್ಲಿರುವವನು. ಹೊರಗಿನವರ ಕಣ್ಣಿಗೆ ಬೀಳದ ಭಾಗವನ್ನಷ್ಟೇ ಹೇಳುತ್ತೇನೆ.

ನೋಡುವವರಿಗೆ ಖಾಲಿ ಕ್ಯಾನ್ವಾಸ್ ಮೇಲೆ ಮದುವೆ ಮೂಡಿದಂತೆ ಕಾಣುತ್ತದೆ, ಆದರೆ ಅರ್ಧ ಕೆಲಸ ಹಿಂದಿನ ರಾತ್ರಿಯೇ ಆಗಿರಬೇಕು. ಹೂವಿನ ಅಲಂಕಾರದವರು ಮಂಟಪ ಕಟ್ಟುವ ಹೊತ್ತಿಗೆ ಛತ್ರಕ್ಕೆ ಹೋಗಿ, ಕಂಬಗಳ ಅಳತೆ, ಹೂವಿನ ಬಣ್ಣ, ಹಿಂಬದಿಯ ಪರದೆ ಇವನ್ನೆಲ್ಲ ನೋಡಿಕೊಂಡು, 24×36 ಅಂಗುಲದ ಕ್ಯಾನ್ವಾಸ್‌ಗೆ ಮಣ್ಣಿನ ಬಣ್ಣದ ತಳಪದರ ಹಾಕಿ, ಹಿನ್ನೆಲೆಯನ್ನು ಮುಗಿಸಿಕೊಳ್ಳುತ್ತೇನೆ. ಬೆಳಗ್ಗೆ ಉಳಿಯುವುದು ಜನ ಮಾತ್ರ. ಅಂತಃಪಟ ಸರಿದು, ವಧೂವರರು ಜೀರಿಗೆ ಬೆಲ್ಲ ಹಾಕಿಕೊಂಡು, ಗಟ್ಟಿಮೇಳ ಮೊಳಗಿ ಅಕ್ಷತೆ ಬೀಳುವುದೆಲ್ಲ ಕಣ್ಣುಮುಚ್ಚಿ ತೆರೆಯುವುದರೊಳಗೆ ಆಗಿಹೋಗುತ್ತದೆ. ಆ ಹೊತ್ತಿನಲ್ಲಿ ಮಂಟಪದ ಮುಂದೆ ಫೋಟೋದವರು, ವಿಡಿಯೋದವರು, ಮೊಬೈಲ್ ಎತ್ತಿದ ನೆಂಟರು ಗೋಡೆಯಂತೆ ನಿಂತಿರುತ್ತಾರೆ. ವಧುವಿನ ತಲೆ ಯಾವ ಕಡೆಗೆ ಬಾಗಿತು, ಸೋದರಮಾವನ ಕೈ ಎಲ್ಲಿತ್ತು ಎಂಬುದನ್ನು ಮನಸ್ಸಿನಲ್ಲಿ ಹಿಡಿದಿಟ್ಟು, ಹತ್ತು ಹನ್ನೆರಡು ಗೆರೆಗಳಲ್ಲಿ ಒಡನೆಯೇ ಗುರುತು ಹಾಕಿಕೊಳ್ಳುವ ಅಭ್ಯಾಸ ನಿಮಗಿರಬೇಕು. ಉಳಿದದ್ದನ್ನು ಛಾಯಾಚಿತ್ರ ನೋಡಿ ತುಂಬಬಹುದು, ಭಂಗಿಯನ್ನು ಮಾತ್ರ ಹಾಗೆ ತುಂಬಲಾಗದು.

ಸ್ಥಳದಲ್ಲೇ ಪೂರ್ತಿ ಮುಗಿಸಿಕೊಡುತ್ತೇನೆಂದು ಯಾರಿಗೂ ಮಾತು ಕೊಡಬೇಡಿ. ಮುಖಗಳನ್ನು ಮನೆಗೆ ತಂದು, ನಿಧಾನವಾಗಿ ತಿದ್ದಿ, ವಾರ್ನಿಶ್ ಹಾಕಿ ಕೊಡುವುದೇ ಸರಿಯಾದ ಕ್ರಮ. ಹುಡುಗಿಯ ಮೂಗು ಸರಿಯಾಗಿಲ್ಲ ಎಂದು ಊಟದ ಹಾಲ್‌ನಿಂದ ಬಂದವರೆಲ್ಲ ಹೇಳುತ್ತಿರುವಾಗಲೂ ಕೈ ನಡುಗದೆ ಕೆಲಸ ಮಾಡಬೇಕು. ಇದು ಒಗ್ಗುವವರಿಗೆ ಮಾತ್ರ ಈ ವೃತ್ತಿ.

ಹಳೆಯ ಮೇಷ್ಟ್ರು
ನಾನು ಬಹುಕಾಲ ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನ ಕಲಿಸಿದವನು. ನನ್ನ ಮಾತು ಕಹಿಯೆನಿಸಿದರೂ ಹೇಳಬೇಕಾಗಿದೆ. ಒಬ್ಬ ಸಂಶೋಧಕಿಯನ್ನು ತಯಾರು ಮಾಡಲು ಸಾರ್ವಜನಿಕ ಹಣ, ಮಾರ್ಗದರ್ಶಕರ ಶ್ರಮ ಮತ್ತು ಆಕೆಯದೇ ಬದುಕಿನ ಒಳ್ಳೆಯ ವರ್ಷಗಳು ವಿನಿಯೋಗವಾಗಿರುತ್ತವೆ. ಚಿತ್ರ ಬರೆಯುವ ಕೈ ಇರುವವರಿಗೆ ವಿಜ್ಞಾನದಲ್ಲಿ ಜಾಗವಿಲ್ಲ ಎಂದು ಯಾರು ಹೇಳಿದರು? ಚಿತ್ರಕಾರನಾಗಬೇಕೆಂದಿದ್ದ ಸ್ಯಾಂಟಿಯಾಗೊ ರಮೋನ್ ಇ ಕಹಾಲ್ ತಂದೆಯ ಒತ್ತಾಯದಿಂದ ವೈದ್ಯಶಾಸ್ತ್ರ ಓದಿದರು. ನರಕೋಶಗಳನ್ನು ಅವರು ಬರೆದ ರೇಖಾಚಿತ್ರಗಳು ಇಂದಿಗೂ ಪಠ್ಯಗಳಲ್ಲಿವೆ. 1906ರಲ್ಲಿ ಗಾಲ್ಜಿಯವರೊಂದಿಗೆ ನೊಬೆಲ್ ಪ್ರಶಸ್ತಿಯನ್ನೂ ಹಂಚಿಕೊಂಡರು. ಪಶ್ಚಿಮಘಟ್ಟದ ಸಸ್ಯಗಳನ್ನು ಶಾಸ್ತ್ರೀಯವಾಗಿ ಬರೆಯಬಲ್ಲವರು ನಮ್ಮಲ್ಲಿ ಬೆರಳೆಣಿಕೆಯಷ್ಟಿದ್ದಾರೆ. ಆ ದಾರಿಯನ್ನು ಮೊದಲು ನೋಡಬಾರದೇ?

ಸಂಜೆಪಾಳಿ
ಮೇಷ್ಟ್ರೇ, ತಮ್ಮ ಮೇಲೆ ಗೌರವವಿಟ್ಟುಕೊಂಡೇ ಭಿನ್ನಾಭಿಪ್ರಾಯ ಹೇಳುತ್ತೇನೆ. ಸಸ್ಯಗಳ ಶಾಸ್ತ್ರೀಯ ಚಿತ್ರ ಬರೆಯುವವರಿಗೆ ಕಾಯಂ ಹುದ್ದೆ ಕೊಡುವ ಸಂಸ್ಥೆಗಳು ನಮ್ಮ ಸುತ್ತಮುತ್ತ ಎಷ್ಟಿವೆ? ಪುಸ್ತಕಕ್ಕೊಂದು, ಪ್ರಬಂಧಕ್ಕೊಂದು ಎಂದು ಬಿಡಿ ಕೆಲಸ ಸಿಗುತ್ತದೆ, ಅದಕ್ಕೆ ಸಿಗುವ ಗೌರವಧನವೂ ತಮಗೆ ಗೊತ್ತಿರುವುದೇ. ಸಾರ್ವಜನಿಕ ಹಣದ ಮಾತು ಬಂದಾಗಲೆಲ್ಲ ಬಿಟ್ಟುಹೋಗುವವರನ್ನು ಪ್ರಶ್ನಿಸುತ್ತೇವೆ. ತರಬೇತಿ ಪಡೆದವರಿಗೆ ಕಾಯಂ ಹುದ್ದೆ ಸೃಷ್ಟಿಸದೆ, ವರ್ಷದಿಂದ ವರ್ಷಕ್ಕೆ ಕರಾರಿನಲ್ಲಿಟ್ಟು, ನಂತರ ವಯಸ್ಸಿನ ಮಿತಿ ತೋರಿಸುವ ವ್ಯವಸ್ಥೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ಕೋಶಭಿತ್ತಿಯವರು ಆ ಹಣವನ್ನು ತಮ್ಮ ದುಡಿಮೆಯಿಂದಲೇ ತೀರಿಸಿದ್ದಾರೆ ಎಂಬುದು ನನ್ನ ದೃಢವಾದ ನಂಬಿಕೆ.

ಹಳೆಯ ಮೇಷ್ಟ್ರು
ವ್ಯವಸ್ಥೆಯ ದೋಷವನ್ನು ನಾನು ಅಲ್ಲಗಳೆಯುವುದಿಲ್ಲ. ದೋಷವಿದೆಯೆಂದು ಒಳ್ಳೆಯವರೆಲ್ಲ ಹೊರಟುಹೋದರೆ ಅದನ್ನು ತಿದ್ದುವವರು ಯಾರು ಎಂಬುದೇ ನನ್ನ ಚಿಂತೆ.

ಕೆರೆಯಂಗಳ
ತಿದ್ದುವ ಹೊರೆಯನ್ನು ಕರಾರಿನ ಮೇಲಿರುವವರ ತಲೆಗೆ ಕಟ್ಟುವುದು ನ್ಯಾಯವಲ್ಲ, ಸರ್.

ನೆಲದ ಮಾತು
ನನ್ನ ತಕರಾರು ಬೇರೆಯೇ ಇದೆ. ಈ ಲೈವ್ ವೆಡ್ಡಿಂಗ್ ಪೇಂಟಿಂಗ್ ಎಂಬುದು ಅಮೆರಿಕದ ಹೋಟೆಲ್ ಮದುವೆಗಳಿಂದ ಬಂದ ಪದ್ಧತಿ. ಡ್ರೋನ್, ಪ್ರೀ-ವೆಡ್ಡಿಂಗ್ ಶೂಟ್‌ಗಳ ಸಾಲಿಗೆ ಇದೂ ಒಂದು ಖರ್ಚಾಗಿ ಸೇರಿಕೊಂಡಿದೆ. ನಾಳೆ ಇನ್ನೊಂದು ಬಂದರೆ ಇದು ಹೋಗುತ್ತದೆ. ಇಂಥ ಅಲೆಯನ್ನು ನಂಬಿ ಜೀವನ ಕಟ್ಟಿಕೊಳ್ಳುವುದು ಸರಿಯೇ?

ಸಾಗರದವಳು
ನೆಲದ ಮಾತು ಅವರೇ, ಈಸೆಲ್ ಇಟ್ಟು ಬರೆಯುವ ರೂಢಿ ಹೊರಗಿನಿಂದ ಬಂದಿರಬಹುದು. ಮದುವೆಗಾಗಿ ಚಿತ್ರ ಬರೆಯುವುದು ಹೊರಗಿನದಲ್ಲ. ನಮ್ಮ ಸಾಗರ, ಸೊರಬ ಸೀಮೆಯ ದೀವರ ಮನೆಗಳಲ್ಲಿ ಮದುವೆಗೆ ಹಸೆಗೋಡೆಯ ಚಿತ್ತಾರ ಬರೆಯುತ್ತಾರೆ, ವಧೂವರರು ಕೂರುವುದು ಅದರ ಮುಂದೆಯೇ. ಕೆಮ್ಮಣ್ಣು ಬಳಿದ ಗೋಡೆ, ನೆನೆಸಿ ಅರೆದ ಅಕ್ಕಿಯ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿನಾರಿನ ಕುಂಚ, ಇಷ್ಟರಲ್ಲೇ ಬಾಸಿಂಗ, ದಂಡಿಗೆ, ಭತ್ತದ ತೆನೆ, ಹಸೆಯ ಮೇಲಿನ ಜೋಡಿ ಎಲ್ಲವೂ ಮೂಡುತ್ತವೆ. ಬರೆಯುವವರು ಹೆಂಗಸರು, ಹಾಡು ಹೇಳುತ್ತಲೇ ಬರೆಯುತ್ತಾರೆ. ನಮ್ಮ ದೊಡ್ಡಮ್ಮ ಅಡಿಕೋಲಿಲ್ಲದೆ ಎಳೆಯುತ್ತಿದ್ದ ಗೆರೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಗೋಡೆ ಮುಂದಿನ ಸುಣ್ಣ ಬಳಿಯುವವರೆಗೆ ಮಾತ್ರ ಇರುತ್ತಿತ್ತು, ಕ್ಯಾನ್ವಾಸ್ ಇನ್ನೂ ಹೆಚ್ಚು ಕಾಲ ಇರುತ್ತದೆ. ಕೋಶಭಿತ್ತಿಯವರು ಶಿವಮೊಗ್ಗ ಜಿಲ್ಲೆಯವರೇ ಆಗಿರುವುದರಿಂದ, ಈ ಚಿತ್ತಾರ ಬರೆಯುವವರ ಬಳಿ ಒಮ್ಮೆ ಕುಳಿತು ಬರಬೇಕೆಂದು ಕೇಳಿಕೊಳ್ಳುತ್ತೇನೆ. ಅವರ ವಿನ್ಯಾಸವನ್ನು ಹೆಸರು ಹೇಳದೆ ಎತ್ತಿಕೊಂಡು ಕ್ಯಾನ್ವಾಸ್ ಅಂಚಿಗೆ ಹಾಕುವ ಕೆಲಸ ಮಾತ್ರ ಮಾಡಬೇಡಿ, ಅದಾಗಲೇ ಸಾಕಷ್ಟು ನಡೆಯುತ್ತಿದೆ.

ನೆಲದ ಮಾತು
ಚಿತ್ತಾರ ಒಂದು ಸಮುದಾಯದ ಆಚರಣೆ, ಇದು ದುಡ್ಡಿಗೆ ಮಾಡುವ ಸೇವೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಆದರೂ ನೀವು ಬರೆದ ವಿವರ ಓದಿ ಸಂತೋಷವಾಯಿತು.

ಉಡುಪಿಯ ಗೆರೆ
ಕಣ್ಣೆದುರು ನಡೆಯುವುದನ್ನು ಗೆರೆಯಲ್ಲಿ ಹಿಡಿಯುವ ವಿಷಯ ಬಂದಿರುವುದರಿಂದ ಹೇಳುತ್ತಿದ್ದೇನೆ. ನಮ್ಮ ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ನರ್ತಕರನ್ನೂ ವಾದಕರನ್ನೂ ಕುರಿತು ಬರೆದ ರೇಖಾಚಿತ್ರಗಳನ್ನು ನೋಡಿರಿ. ಕೆಲವೇ ಗೆರೆಗಳಲ್ಲಿ ದೇಹದ ತೂಕ ಯಾವ ಕಾಲಿನ ಮೇಲಿದೆ ಎಂಬುದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಮಂಟಪಕ್ಕೆ ಹೋಗುವ ಮೊದಲು ಯಕ್ಷಗಾನದ ಬಯಲಾಟದಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ಬರೆಯುವುದನ್ನು ರೂಢಿ ಮಾಡಿಕೊಳ್ಳಿ. ಅಲ್ಲಿ ಯಾರೂ ನಿಮಗಾಗಿ ಭಂಗಿ ಹಿಡಿದು ನಿಲ್ಲುವುದಿಲ್ಲ.

ರಂಗುಪುಡಿ
ನಾನು ಬಣ್ಣದ ಉದ್ಯಮದಲ್ಲಿ ರಸಾಯನಶಾಸ್ತ್ರಜ್ಞೆ. ಸಂಶೋಧನೆಯ ಹಿನ್ನೆಲೆ ಈ ವೃತ್ತಿಯಲ್ಲಿ ವ್ಯರ್ಥವೆಂದು ಭಾವಿಸುವವರಿಗೆ ಕೆಲವು ಮಾತು ಹೇಳಬೇಕಾಗಿದೆ. ಅಕ್ರಿಲಿಕ್ ಹಸಿಯಿದ್ದಾಗ ಅದರ ಅಂಟು ಹಾಲಿನಂತೆ ಬೆಳ್ಳಗಿರುತ್ತದೆ, ನೀರು ಆರಿ ಪಾಲಿಮರ್ ಕಣಗಳು ಒಂದಕ್ಕೊಂದು ಬೆಸೆದುಕೊಂಡಾಗ ಪಾರದರ್ಶಕವಾಗುತ್ತದೆ. ಆದ್ದರಿಂದ ಹಸಿ ಬಣ್ಣಕ್ಕಿಂತ ಒಣಗಿದ ಬಣ್ಣ ಗಾಢವಾಗಿ ಕಾಣುತ್ತದೆ. ಮುಖದ ಬಣ್ಣ ಬೆರೆಸುವಾಗ ಇದನ್ನು ಲೆಕ್ಕಕ್ಕಿಡದಿದ್ದರೆ ಸಂಜೆಯ ಹೊತ್ತಿಗೆ ಎಲ್ಲರೂ ಕಪ್ಪಾಗಿರುತ್ತಾರೆ. ತೈಲವರ್ಣ ಒಣಗುವುದು ನೀರು ಆರಿ ಅಲ್ಲ, ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗಿ. ಅದಕ್ಕೆ ದಿನಗಟ್ಟಲೆ ಬೇಕು. ಮೇಲಾಗಿ ಹೋಮಕುಂಡವಿರುವ ಕಡೆಗೆ ಟರ್ಪೆಂಟೈನ್ ಬಾಟಲಿ ಒಯ್ಯುವುದು ಅಪಾಯ.

ಛತ್ರಗಳ ಬಣ್ಣದ ದೀಪ ಇನ್ನೊಂದು ತೊಡಕು. ಆರತಕ್ಷತೆಯಲ್ಲಿ ನೇರಳೆ, ಗುಲಾಬಿ ಎಲ್‌ಇಡಿಗಳ ಕೆಳಗೆ ಬೆರೆಸಿದ ಅರಿಶಿನದ ಹಳದಿ, ಮರುದಿನ ಹಗಲಿನಲ್ಲಿ ಬೇರೆಯೇ ಬಣ್ಣವಾಗಿರುತ್ತದೆ. ಸಿಆರ್‌ಐ, ಅಂದರೆ ದೀಪವು ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬುದರ ಅಳತೆ, 90ಕ್ಕಿಂತ ಹೆಚ್ಚಿರುವ ಸಣ್ಣ ದೀಪವೊಂದನ್ನು ಈಸೆಲ್‌ಗೆ ಸಿಕ್ಕಿಸಿಕೊಳ್ಳಿ. ರೇಷ್ಮೆಯ ಕೆಂಪಿಗೆ ಅಲಿಜರಿನ್ ಕ್ರಿಮ್ಸನ್ ಬೇಡ, ಅದು ಬೆಳಕಿಗೆ ಮಾಸುತ್ತದೆ. ಕ್ವಿನಾಕ್ರಿಡೋನ್ ವರ್ಣದ್ರವ್ಯದ ಕೆಂಪನ್ನು ಬಳಸಿ. ಕ್ಯಾಡ್ಮಿಯಂ ಬಣ್ಣಗಳನ್ನು ಮಕ್ಕಳು ಓಡಾಡುವ ಜಾಗಕ್ಕೆ ತರಬೇಡಿ, ಕುಂಚ ತೊಳೆದ ನೀರನ್ನು ಅಡುಗೆ ಮನೆಯ ಕಡೆಯ ತೊಟ್ಟಿಗೆ ಸುರಿಯಬೇಡಿ.

ಮಂಟಪದ ಮೂಲೆ
ರಂಗುಪುಡಿ ಅವರ ಮಾತು ಅಕ್ಷರಶಃ ನಿಜ. ಜರಿಯ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ಜರಿಗೆ ಚಿನ್ನದ ಬಣ್ಣದ ಟ್ಯೂಬ್ ಹಚ್ಚಿದರೆ ಚಿತ್ರ ಗ್ರೀಟಿಂಗ್ ಕಾರ್ಡ್‌ನಂತಾಗುತ್ತದೆ. ಕಾವಿ, ಕಂದು, ತಿಳಿಹಳದಿಗಳನ್ನು ಒಂದರ ಪಕ್ಕ ಒಂದಿಟ್ಟರೆ ಅದು ತಾನಾಗಿ ಹೊಳೆಯುತ್ತದೆ.

ಲೆಕ್ಕದ ಪುಸ್ತಕ
ಹಣದ ಮಾತಿಗೆ ಬರೋಣ. ಈ ವೃತ್ತಿಯಲ್ಲಿ ವರ್ಷವನ್ನು ಪಂಚಾಂಗದ ಲೆಕ್ಕದಲ್ಲಿ ನೋಡಬೇಕು. ಆಷಾಢ, ಪಿತೃಪಕ್ಷ, ಧನುರ್ಮಾಸ ಹೋದವು. ಗುರು ಅಥವಾ ಶುಕ್ರ ಅಸ್ತವಿದ್ದಾಗ ಹಲವರು ಮುಹೂರ್ತ ಇಡುವುದಿಲ್ಲ. ಅದರ ಮೇಲೆ ಅಧಿಕಮಾಸ ಬಂದರೆ ಇನ್ನೊಂದು ತಿಂಗಳು ಖಾಲಿ. 2026ರಲ್ಲಿ ಅಧಿಕ ಜ್ಯೇಷ್ಠವು ಮೇ 17ರಿಂದ ಜೂನ್ 15ರವರೆಗೆ ಬಿದ್ದು, ಮದುವೆಗಳ ಸುಗ್ಗಿಯ ಕಾಲವನ್ನೇ ಕತ್ತರಿಸುತ್ತದೆ. ಒಂದೇ ಒಳ್ಳೆಯ ಮುಹೂರ್ತಕ್ಕೆ ಹತ್ತು ಮನೆಯವರು ಕರೆದರೂ ನೀವು ಇರಬಹುದಾದದ್ದು ಒಂದೇ ಮಂಟಪದಲ್ಲಿ. ಆದ್ದರಿಂದ ದರವನ್ನು ನಿಗದಿ ಮಾಡುವಾಗ ಆ ದಿನದ ಕೂಲಿಯನ್ನಷ್ಟೇ ಲೆಕ್ಕ ಹಾಕದೆ, ಹಿಂದಿನ ರಾತ್ರಿಯ ತಯಾರಿ, ಮನೆಯಲ್ಲಿ ಮುಗಿಸುವ ದಿನಗಳು, ಸಾಗಣೆ, ಖಾಲಿ ತಿಂಗಳುಗಳು ಎಲ್ಲವನ್ನೂ ಸೇರಿಸಬೇಕು. ಮುಂಗಡವನ್ನು ಬರಹದಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ದಿನಾಂಕ ಕಾಯ್ದಿರಿಸಿ. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು, ಆರಂಭದಲ್ಲಿ ನೀವು ಅದರೊಳಗೇ ಇರುತ್ತೀರಿ.

ಖಾಲಿ ತಿಂಗಳುಗಳಿಗೆ ನಾಮಕರಣ, ಷಷ್ಟಿಪೂರ್ತಿಯಂಥ ಮನೆಯ ಸಮಾರಂಭಗಳಿವೆ. ಜನವರಿಯಲ್ಲಿ ಧನುರ್ಮಾಸ ಮುಗಿಯುವ ಮುನ್ನವೇ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಬರುವುದುಂಟು. ಅಲ್ಲಿ ಮಳಿಗೆ ಸಿಕ್ಕರೆ ಮುಂದಿನ ಮದುವೆಯ ಕಾಲಕ್ಕೆ ಗಿರಾಕಿಗಳು ಸಿಗುತ್ತಾರೆ.

ಎಡಿಸನ್ ಕನ್ನಡತಿ
ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಇಲ್ಲಿ ನಮ್ಮವರ ಮದುವೆಗಳು ಬಹುತೇಕ ಬೇಸಿಗೆಯಲ್ಲಿ ಹೋಟೆಲ್ ಹಾಲ್‌ಗಳಲ್ಲಿ ನಡೆಯುತ್ತವೆ. ವಾರಾಂತ್ಯದ ಅನುಕೂಲವೇ ಮುಖ್ಯವಾಗಿ, ಪಂಚಾಂಗ ಹಿಂದೆ ಸರಿಯುತ್ತದೆ. ಚಿತ್ರಕಾರರು ಇಲ್ಲಿ ಕ್ಯಾನ್ವಾಸ್‌ಗೆ ಎಷ್ಟು ಬೆಲೆ ಪಡೆಯುತ್ತಾರೋ, ಅತಿಥಿಗಳ ಜೊತೆ ಮಾತನಾಡುತ್ತ ನಿಂತು ಬರೆಯುವುದಕ್ಕೂ ಅಷ್ಟೇ ಬೆಲೆ ಪಡೆಯುತ್ತಾರೆ. ಊರಿನಲ್ಲಿ ಈ ಎರಡನೆಯದಕ್ಕೆ ದುಡ್ಡು ಕೇಳಲು ಸಂಕೋಚಪಡುತ್ತಾರೆ. ನೀವು ಸಂಕೋಚಪಡಬೇಡಿ.

ಬನಶಂಕರಿ ಅಮ್ಮ
ನಾನು ಕಲಾವಿದೆಯೂ ಅಲ್ಲ, ವಿಜ್ಞಾನಿಯೂ ಅಲ್ಲ. ಮಗಳ ಮದುವೆಗೆ ಇಂಥ ಚಿತ್ರ ಬರೆಸಿದವಳು. ಮದುವೆಗೆ ಕೆಲವು ತಿಂಗಳ ಹಿಂದೆ ನಮ್ಮ ಯಜಮಾನರು ತೀರಿಕೊಂಡಿದ್ದರು. ಧಾರೆಯನ್ನು ನನ್ನ ಮೈದುನ ಮತ್ತು ಓರಗಿತ್ತಿ ಎರೆದುಕೊಟ್ಟರು. ಚಿತ್ರ ಬರೆಯಲು ಬಂದ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು, ಅಂಕಲ್ ಯಾವ ಕಡೆ ನಿಲ್ಲುತ್ತಿದ್ದರು ಎಂದು ಕೇಳಿದಳು. ಅವರ ಹಳೆಯ ಫೋಟೋ ಕೊಟ್ಟೆ. ಚಿತ್ರದಲ್ಲಿ ಅವರು ಮಂಟಪದ ಕಂಬದ ಹಿಂದೆ, ಪೇಟ ಕಟ್ಟಿಕೊಂಡು, ಮಗಳನ್ನು ನೋಡುತ್ತ ನಿಂತಿದ್ದಾರೆ. ಲಕ್ಷಗಟ್ಟಲೆ ಕೊಟ್ಟು ತೆಗೆಸಿದ ಆಲ್ಬಮ್‌ನಲ್ಲಿ ಅವರು ಎಲ್ಲೂ ಇಲ್ಲ. ಇದನ್ನು ಖರ್ಚು ಎಂದು ಯಾರಾದರೂ ಹೇಳಿದರೆ ನನಗೆ ನೋವಾಗುತ್ತದೆ.

ನೆಲದ ಮಾತು
ಅಮ್ಮಾ, ನಿಮ್ಮ ಮನಸ್ಸು ನೋಯಿಸುವ ಉದ್ದೇಶ ನನಗಿರಲಿಲ್ಲ. ಆದರೂ ಒಂದು ಸಂದೇಹ ಉಳಿದಿದೆ. ಶುಭಕಾರ್ಯದ ಚಿತ್ರದಲ್ಲಿ ತೀರಿಕೊಂಡವರನ್ನು ತೋರಿಸುವುದಕ್ಕೆ ಹಿರಿಯರು ಒಪ್ಪುತ್ತಾರೆಯೇ?

ಪಂಚೆ ಅಂಚು
ನಮ್ಮದು ಪೌರೋಹಿತ್ಯದ ಮನೆ, ಆದ್ದರಿಂದ ಉತ್ತರಿಸುತ್ತೇನೆ. ಮದುವೆಯ ಮೊದಲು ನಾಂದಿ ಮಾಡುವುದೇ ಪಿತೃಗಳನ್ನು ಆಹ್ವಾನಿಸಿ ಆಶೀರ್ವಾದ ಪಡೆಯುವುದಕ್ಕೆ. ಅವರು ಬಂದಿದ್ದಾರೆಂದು ನಂಬಿಯೇ ಮುಂದಿನ ಕಾರ್ಯ ನಡೆಯುತ್ತದೆ. ಚಿತ್ರದಲ್ಲಿ ಅವರು ನಿಂತಿದ್ದರೆ ಅಶುಭವೇನೂ ಇಲ್ಲ. ಮನೆಯ ಹಿರಿಯರನ್ನು ಕೇಳಿಯೇ ಮಾಡಬೇಕೆಂಬುದು ಮಾತ್ರ ಸರಿ.

ಸಂಜೆಪಾಳಿ
ಬನಶಂಕರಿ ಅಮ್ಮನವರ ಮಾತಿನ ಮೇಲೆ ನನಗೆ ಹೇಳುವುದೇನೂ ಉಳಿದಿಲ್ಲ.

ಕಲಂ ಹದಿನೇಳು
ಯಾರೂ ಎತ್ತದ ಒಂದು ವಿಷಯವಿದೆ. ಬರೆದ ಚಿತ್ರದ ಪ್ರತಿಗಳನ್ನು ಮಾರುವ, ಕ್ಯಾಲೆಂಡರ್ ಮಾಡುವ ಹಕ್ಕು ಚಿತ್ರಕಾರರದ್ದೇ ಎಂದು ಬಹಳ ಜನ ತಿಳಿದಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಬಿ ಉಪಬಂಧದ ಪ್ರಕಾರ, ಒಬ್ಬರ ಕೋರಿಕೆಯ ಮೇರೆಗೆ ಪ್ರತಿಫಲ ಪಡೆದು ಬರೆದ ಚಿತ್ರ ಅಥವಾ ಭಾವಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರೇ ಮೊದಲ ಹಕ್ಕುದಾರರು. ನಿಮ್ಮ ಮಾದರಿ ಸಂಪುಟಕ್ಕೆ, ಜಾಲತಾಣಕ್ಕೆ ಚಿತ್ರ ಬಳಸಬೇಕಾದರೂ ಅದನ್ನು ಕರಾರಿನಲ್ಲಿ ಬರೆದುಕೊಳ್ಳಿ.

ಮಂಟಪದ ಮೂಲೆ
ಬಹಳ ಉಪಯುಕ್ತ ಮಾಹಿತಿ, ಸರ್. ನಾವು ಹಲವರು ಬಾಯಿಮಾತಿನಲ್ಲೇ ಕೆಲಸ ಒಪ್ಪಿಕೊಳ್ಳುತ್ತೇವೆ.

ಕಲಂ ಹದಿನೇಳು
ಸರ್ ಅಲ್ಲ, ಮೇಡಂ. ಒಂದು ಪುಟದ ಕರಾರು ಸಾಕು.

ಮರಳಿ ಬಂದವಳು
ವಿಜ್ಞಾನಕ್ಕೆ ಮರಳುವ ಪ್ರಶ್ನೆಗೆ ಉತ್ತರಿಸುತ್ತೇನೆ. ಮಗು ಹುಟ್ಟಿದ ಮೇಲೆ ನಾನು ಸಂಶೋಧನೆ ಬಿಟ್ಟು, ನಂತರ ಮರಳಿದವಳು. ವೃತ್ತಿಯಲ್ಲಿ ವಿರಾಮವಾದ ಮಹಿಳೆಯರಿಗಾಗಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಯೋಜನೆ ಇದೆ. ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಆದರೆ ವರ್ಷ ಕಳೆದಂತೆ ಕಿರಿದಾಗುತ್ತ ಹೋಗುತ್ತದೆ. ನಿಮ್ಮ ಕೈಯಲ್ಲಿ ಅರ್ಧ ಮುಗಿದ ಪ್ರಬಂಧಗಳಿದ್ದರೆ ಹೊರಡುವ ಮುನ್ನ ಅವನ್ನು ಪ್ರಕಟಿಸಿ, ಹಿಂದಿನ ಮಾರ್ಗದರ್ಶಕರೊಂದಿಗೆ ಸಂಬಂಧ ಕೆಡಿಸಿಕೊಳ್ಳಬೇಡಿ. ಇನ್ನೊಂದು ಮಾತನ್ನು ಅಕ್ಕನಂತೆ ಹೇಳುತ್ತೇನೆ. ಅನುದಾನದ ಅರ್ಜಿಗಳಿಂದ ತಪ್ಪಿಸಿಕೊಳ್ಳಲು ಮಾತ್ರ ಹೊರಡುವುದಾದರೆ ಯೋಚಿಸಿ, ಏಕೆಂದರೆ ಸ್ವಂತ ವೃತ್ತಿಯಲ್ಲಿ ಗಿರಾಕಿಗಳಿಗೆ ಬರೆಯುವ ಪತ್ರಗಳು, ಬಾಕಿ ವಸೂಲಿ, ದಿನಾಂಕದ ಚೌಕಾಸಿ ಇವೂ ಅಷ್ಟೇ ಹೊತ್ತು ತಿನ್ನುತ್ತವೆ. ಮಂಟಪದ ಮೂಲೆ ಅವರು ವರ್ಣಿಸಿದ ಆ ನೂಕುನುಗ್ಗಲಿನ ಹೊತ್ತು ನಿಮಗೆ ಬೇಕೆನಿಸಿದರೆ ಹೊರಡಿ.

ಹಳೆಯ ಮೇಷ್ಟ್ರು
ಮರಳಿ ಬಂದವಳು ಅವರು ನನಗಿಂತ ಚೆನ್ನಾಗಿ ಹೇಳಿದ್ದಾರೆ. ಪ್ರಬಂಧಗಳನ್ನು ಮುಗಿಸಿಯೇ ಹೊರಡಿ ಎಂಬುದಕ್ಕೆ ನನ್ನ ಪೂರ್ಣ ಸಹಮತವಿದೆ. ತಂದೆಯವರ ಬಗ್ಗೆ ಕೇಳಿದ್ದೀರಿ. ನಾನೂ ಒಬ್ಬ ತಂದೆಯಾಗಿ ಹೇಳುವುದಾದರೆ, ಅವರಿಗೆ ಕನಸಿನ ಮಾತಿಗಿಂತ ಲೆಕ್ಕದ ಪುಸ್ತಕ ಅವರು ಬರೆದಂಥ ಲೆಕ್ಕವನ್ನು ಕಾಗದದ ಮೇಲೆ ತೋರಿಸಿ. ಡಾಕ್ಟರೇಟ್ ಹೆಸರಿನ ಹಿಂದೆ ಎಂದಿಗೂ ಇರುತ್ತದೆ ಎಂದೂ ಹೇಳಿ. ಅದು ನಮ್ಮಂಥವರಿಗೆ ಮುಖ್ಯವಾದ ಸಂಗತಿ.

ಕೋಶಭಿತ್ತಿ
ಇಷ್ಟೊಂದು ಜನ ಇಷ್ಟು ಕಾಳಜಿಯಿಂದ ಬರೆಯುತ್ತೀರೆಂದು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆಗಳು. ಆ ನೂಕುನುಗ್ಗಲಿನ ಹೊತ್ತು ನನಗೆ ಬೇಕು, ಇದರಲ್ಲಿ ಸಂದೇಹವಿಲ್ಲ. ಅಂತಃಪಟ ಸರಿಯುವಾಗ ಕಣ್ಣು ಮಿಟುಕಿಸದೆ ನೋಡಬೇಕಾದ ಆ ಒತ್ತಡದಲ್ಲಿ, ಸೂಕ್ಷ್ಮದರ್ಶಕದ ಮುಂದೆ ನನಗೆ ಮೊದಲು ಸಿಗುತ್ತಿದ್ದ ಏಕಾಗ್ರತೆ ಮತ್ತೆ ಸಿಕ್ಕಿತು. ಮೇಷ್ಟ್ರು ಹೇಳಿದಂತೆ ಬಾಕಿಯಿರುವ ಪ್ರಬಂಧಗಳನ್ನು ಮುಗಿಸಿ, ಕರಾರಿನ ಅವಧಿ ಪೂರೈಸಿ, ಅಲ್ಲಿಯವರೆಗೆ ಭಾನುವಾರದ ಮುಹೂರ್ತಗಳನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ. ಸಾಗರದವಳು ಅವರೇ, ಊರಿಗೆ ಬಂದಾಗ ನಿಮಗೆ ಸಂದೇಶ ಕಳಿಸುತ್ತೇನೆ, ಚಿತ್ತಾರ ಬರೆಯುವವರ ಬಳಿಗೆ ಕರೆದೊಯ್ಯುವಿರಾ?

ಮಂಟಪದ ಮೂಲೆ ಅವರಲ್ಲಿ ಒಂದು ಪ್ರಶ್ನೆ. ಹೋಮದ ಹೊಗೆ ಮತ್ತು ವಿಡಿಯೋದವರು ಎರಡನ್ನೂ ತಪ್ಪಿಸಿಕೊಂಡು ಈಸೆಲ್ ಎಲ್ಲಿಡುತ್ತೀರಿ?

ಸಾಗರದವಳು
ಖಂಡಿತ ಕರೆದೊಯ್ಯುತ್ತೇನೆ. ಮದುವೆಯಿರುವ ಮನೆಗೇ ಹೋಗೋಣ, ಪ್ರದರ್ಶನಕ್ಕೆ ಬರೆದದ್ದನ್ನು ನೋಡುವುದಕ್ಕಿಂತ ಅದು ಉತ್ತಮ.

ಮಂಟಪದ ಮೂಲೆ
ಛತ್ರಕ್ಕೆ ಹೋದ ಕೂಡಲೇ ಎರಡು ಪ್ರಶ್ನೆ ಕೇಳಿ. ಫ್ಯಾನ್‌ಗಳು ಯಾವ ದಿಕ್ಕಿಗೆ ಗಾಳಿ ಬೀಸುತ್ತವೆ, ವಿಡಿಯೋದವರ ಕ್ರೇನ್ ಯಾವ ಕಡೆಗೆ ಹೊರಳುತ್ತದೆ? ಹೊಗೆ ಹೋಗುವ ಕಡೆ ಕುಳಿತರೆ ಹಸಿ ಬಣ್ಣಕ್ಕೆ ಬೂದಿ ಅಂಟುತ್ತದೆ, ನಿಮ್ಮ ಕಣ್ಣೂ ಉರಿಯುತ್ತದೆ. ಸಾಮಾನ್ಯವಾಗಿ ನಾನು ವಧುವಿನ ಕಡೆಯ ಕಂಬದ ಪಕ್ಕ, ಓಲಗದವರ ಹತ್ತಿರ, ಒಂದು ಅಡಿ ಎತ್ತರದ ಮರದ ಹಲಗೆಯ ಮೇಲೆ ನಿಲ್ಲುತ್ತೇನೆ. ಓಲಗದವರ ಮುಂದೆ ಯಾರೂ ಅಡ್ಡ ನಿಲ್ಲುವುದಿಲ್ಲ. ಹಲಗೆಯನ್ನು ನೀವೇ ಒಯ್ಯಿರಿ, ಛತ್ರದವರು ಕೊಡುವ ಕುರ್ಚಿ ಅಲುಗಾಡುತ್ತದೆ.